ಅಧ್ಯಾಪಕರು ಸಮೀಕ್ಷೆಗೆ ಯಾಕೆ ಉತ್ತರ ಕೊಡುವುದಿಲ್ಲ, ಕೊಡಬೇಕಾದರೆ ಏನು ಮಾಡಬೇಕು

ಮಂಗಳೂರು, ಉಡುಪಿ ಕಡೆಯ ಕಾಲೇಜುಗಳ ಸ್ಟಾಫ್ ರೂಮಿನಲ್ಲಿ ಕೂತವರಿಗೆ ಈ ಮಾತು ಹೊಸದಲ್ಲ: "ಎಂತ ಮಾರಾಯ್ರೆ, ಪುನಃ ಒಂದು ಲಿಂಕ್ ಬಂದಿದೆ. ಸಂಜೆಯೊಳಗೆ ತುಂಬಿಸಬೇಕಂತೆ." ಕೆಲವರು ಆಗಲೇ ಮೊಬೈಲ್ ತೆಗೆದು ಎಲ್ಲ ಪ್ರಶ್ನೆಗೂ ಐದರಲ್ಲಿ ನಾಲ್ಕು ಒತ್ತಿ ಮುಗಿಸುತ್ತಾರೆ. ಕೆಲವರು ಆಮೇಲೆ ನೋಡೋಣ ಅಂತ ಬಿಡುತ್ತಾರೆ, ಮತ್ತೆ ನೆನಪಾಗುವುದಿಲ್ಲ. ವರದಿ ಬರುವಾಗ "ಹೆಚ್ಚಿನ ಅಧ್ಯಾಪಕರು ತೃಪ್ತರಾಗಿದ್ದಾರೆ" ಅಂತ ಒಂದು ವಾಕ್ಯ ಇರುತ್ತದೆ. ಅದು ನಿಜವೋ ಅಲ್ಲವೋ ಹೇಳಲು ಯಾರಿಂದಲೂ ಆಗುವುದಿಲ್ಲ.

ಅಧ್ಯಾಪಕರಿಗೆ ಹೇಳಲು ಏನೂ ಇಲ್ಲ ಅಂತಲ್ಲ. ಹೇಳಲು ಬೇಕಾದಷ್ಟಿದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ, ಅಂದರೆ ಎನ್‌ಇಪಿಯ, ನಾಲ್ಕು ವರ್ಷದ ಪದವಿ ಬಂತು, ಸಿಲಬಸ್ ಬದಲಾಯಿತು. 2024-25ರಿಂದ ರಾಜ್ಯದಲ್ಲಿ ಪುನಃ ಮೂರು ವರ್ಷದ ಪದವಿ ಬಂತು. ಹಳೆ ಬ್ಯಾಚಿಗೆ ಒಂದು ಸಿಲಬಸ್, ಹೊಸ ಬ್ಯಾಚಿಗೆ ಇನ್ನೊಂದು. ಎರಡನ್ನೂ ಒಂದೇ ವಾರದಲ್ಲಿ ಪಾಠ ಮಾಡಿದವರು ಈ ಅಧ್ಯಾಪಕರು. ಇದರಿಂದ ಮಕ್ಕಳ ಕಲಿಕೆಗೆ ಏನಾಯಿತು ಅಂತ ಅವರನ್ನಲ್ಲದೆ ಬೇರೆ ಯಾರನ್ನು ಕೇಳುವುದು?

ಉನ್ನತ ಶಿಕ್ಷಣದ ಬಗ್ಗೆ ನಮ್ಮಲ್ಲಿ ಅಂಕಿ-ಅಂಶಕ್ಕೆ ಕೊರತೆಯಿಲ್ಲ. ಕೇಂದ್ರ ಶಿಕ್ಷಣ ಸಚಿವಾಲಯದ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆ, ಅಂದರೆ ಎಐಎಸ್‌ಎಚ್‌ಇ, 2010-11ರಿಂದ ನಡೆಯುತ್ತಿದೆ. ಅದರ 2021-22ರ ವರದಿಯ ಪ್ರಕಾರ ದೇಶದಲ್ಲಿ ಸುಮಾರು 4.33 ಕೋಟಿ ವಿದ್ಯಾರ್ಥಿಗಳಿದ್ದಾರೆ, ಸುಮಾರು 15.98 ಲಕ್ಷ ಅಧ್ಯಾಪಕರಿದ್ದಾರೆ. ಅಧ್ಯಾಪಕರಲ್ಲಿ ಮಹಿಳೆಯರ ಪಾಲು ಶೇಕಡಾ 43ರಷ್ಟು. ಈ ಮಾಹಿತಿ ಕೊಡುವುದು ಸಂಸ್ಥೆಗಳು. ಕಾಲೇಜಿನ ನೋಡಲ್ ಅಧಿಕಾರಿ ಕೂತು ಪೋರ್ಟಲಿಗೆ ಹಾಕುತ್ತಾರೆ. ಎಷ್ಟು ಜನ ಇದ್ದಾರೆ, ಯಾವ ಹುದ್ದೆಯಲ್ಲಿದ್ದಾರೆ ಅನ್ನುವುದು ಇದರಿಂದ ಗೊತ್ತಾಗುತ್ತದೆ. ಪಾಠಕ್ಕೆ ತಯಾರಾಗಲು ಅವರಿಗೆ ಪುರಸೊತ್ತು ಸಿಗುತ್ತದೆಯೇ ಅನ್ನುವುದು ಗೊತ್ತಾಗುವುದಿಲ್ಲ. ಕಾಲೇಜುಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಸಂಸ್ಥೆ ನ್ಯಾಕ್. ಅದರ ತೃಪ್ತಿ ಸಮೀಕ್ಷೆ ವಿದ್ಯಾರ್ಥಿಗಳನ್ನು ಕೇಳುತ್ತದೆ. ಪಠ್ಯಕ್ರಮದ ಬಗ್ಗೆ ಅಧ್ಯಾಪಕರ ಅಭಿಪ್ರಾಯ ಪಡೆಯಬೇಕು, ಅದರ ಮೇಲೆ ಕ್ರಮ ತೆಗೆದುಕೊಂಡದ್ದನ್ನು ತೋರಿಸಬೇಕು ಅಂತಲೂ ನ್ಯಾಕ್ ಕೇಳುತ್ತದೆ. ಆದರೆ ಅಧ್ಯಾಪಕರ ಕೆಲಸ, ಸಮಯ, ಕಷ್ಟ ತಿಳಿಯಬೇಕಾದರೆ ಅವರನ್ನೇ ನೇರವಾಗಿ ಕೇಳಬೇಕು. ಕೇಳಿದಾಗ ಅವರು ಉತ್ತರ ಕೊಡಬೇಕು. ಕಷ್ಟ ಇರುವುದು ಈ ಎರಡನೆಯದರಲ್ಲಿ.

ಉತ್ತರ ಕೊಡದವರು ಯಾರು?

ಒಂದು ಲೆಕ್ಕ ಹಾಕೋಣ. ಲೆಕ್ಕ ಕಲ್ಪನೆಯದ್ದು, ಸುಲಭವಾಗಲಿ ಅಂತ ದುಂಡು ಸಂಖ್ಯೆ ತೆಗೆದುಕೊಂಡಿದ್ದೇನೆ. ಒಂದು ಕಾಲೇಜಿನಲ್ಲಿ 100 ಅಧ್ಯಾಪಕರಿದ್ದಾರೆ. 60 ಮಂದಿ ಕಾಯಂ, 40 ಮಂದಿ ಅತಿಥಿ ಉಪನ್ಯಾಸಕರು. ಪ್ರಶ್ನೆ ಒಂದೇ: ಪಾಠಕ್ಕೆ ತಯಾರಿ ಮಾಡಲು ಸಾಕಷ್ಟು ಸಮಯ ಸಿಗುತ್ತದೆಯೇ? ಕಾಯಂ ಅಧ್ಯಾಪಕರಲ್ಲಿ 42 ಮಂದಿಗೆ ಸಿಗುತ್ತದೆ. ಅತಿಥಿ ಉಪನ್ಯಾಸಕರಲ್ಲಿ ಬರೀ ಎಂಟು ಮಂದಿಗೆ. ಒಟ್ಟು 50. ಅಂದರೆ ನಿಜವಾದ ಉತ್ತರ ಶೇಕಡಾ 50.

ಈಗ ಲಿಂಕ್ ಕಳಿಸಿದೆವು ಅಂತಿಟ್ಟುಕೊಳ್ಳಿ. ಕಾಯಂ ಅಧ್ಯಾಪಕರಲ್ಲಿ 40 ಮಂದಿ ಉತ್ತರಿಸಿದರು, ಅವರಲ್ಲಿ 28 ಮಂದಿ ಹೌದು ಅಂದರು. ಅತಿಥಿ ಉಪನ್ಯಾಸಕರಲ್ಲಿ ಹತ್ತು ಮಂದಿ ಉತ್ತರಿಸಿದರು, ಇಬ್ಬರು ಹೌದು ಅಂದರು. 50 ಉತ್ತರಗಳಲ್ಲಿ 30 ಹೌದು. ವರದಿಯಲ್ಲಿ ಶೇಕಡಾ 60 ಅಂತ ಬರುತ್ತದೆ. ಯಾರೂ ಸುಳ್ಳು ಹೇಳಿಲ್ಲ, ಆದರೂ ಉತ್ತರ ತಪ್ಪಿತು.

ಉತ್ತರ ಕಡಿಮೆ ಬಂತು ಅಂತ ಪ್ರಿನ್ಸಿಪಾಲರು ಸ್ಟಾಫ್ ಮೀಟಿಂಗಿನಲ್ಲಿ ಹೇಳಿದರು. ಮೀಟಿಂಗಿನಲ್ಲಿ ಇದ್ದದ್ದು ಹೆಚ್ಚಾಗಿ ಕಾಯಂ ಅಧ್ಯಾಪಕರು. ಉಳಿದ 20 ಮಂದಿಯೂ ತುಂಬಿಸಿದರು. ಈಗ 70 ಉತ್ತರ, 44 ಹೌದು. ಶೇಕಡಾ 63 ಆಯಿತು. ನೋಡಿ, ಉತ್ತರಿಸಿದವರ ಪ್ರಮಾಣ 50ರಿಂದ 70ಕ್ಕೆ ಏರಿತು, ತಪ್ಪೂ ಅದರ ಜೊತೆಗೇ ಏರಿತು. ಸಮೀಕ್ಷೆ ನಡೆಸುವವರು ಅರ್ಥ ಮಾಡಿಕೊಳ್ಳಲೇಬೇಕಾದ ಮಾತು ಇದು. "ಈ ಸಲ ಜಾಸ್ತಿ ಜನ ತುಂಬಿಸಿದ್ದಾರೆ" ಅನ್ನುವುದರಲ್ಲಿ ಸಮಾಧಾನ ಪಡುವಂಥದ್ದೇನಿಲ್ಲ. ಯಾರು ತುಂಬಿಸಲಿಲ್ಲ, ಅವರಿಗೂ ತುಂಬಿಸಿದವರಿಗೂ ಏನು ವ್ಯತ್ಯಾಸ ಅನ್ನುವುದನ್ನು ಕೇಳಬೇಕು.

ಸಂಖ್ಯಾಶಾಸ್ತ್ರದಲ್ಲಿ ಇದಕ್ಕೊಂದು ಪರಿಹಾರ ಇದೆ. ಹತ್ತು ಅತಿಥಿ ಉಪನ್ಯಾಸಕರು 40 ಮಂದಿಯ ಪರವಾಗಿ ಮಾತಾಡುತ್ತಿದ್ದಾರೆ, ಹಾಗಾಗಿ ಅವರ ಒಂದೊಂದು ಉತ್ತರವನ್ನೂ ನಾಲ್ಕು ಅಂತ ಎಣಿಸುವುದು. ಇಬ್ಬರ ಹೌದು ಎಂಟಾಗುತ್ತದೆ. ಕಾಯಂನವರ 42 ಸೇರಿಸಿದರೆ 50. ಸರಿಯಾದ ಉತ್ತರ ಬಂತು. ಇದಕ್ಕೆ ತೂಕ ಕೊಡುವುದು ಅನ್ನುತ್ತಾರೆ. ಆದರೆ ಇದು ನಡೆಯುವುದು ಉತ್ತರಿಸಿದ ಹತ್ತು ಮಂದಿ ಉತ್ತರಿಸದ 30 ಮಂದಿಯ ಹಾಗೆಯೇ ಇದ್ದಾಗ ಮಾತ್ರ. ಬೆಳಿಗ್ಗೆ ಒಂದು ಕಾಲೇಜು, ಮಧ್ಯಾಹ್ನ ಬಸ್ಸು ಹಿಡಿದು ಇನ್ನೊಂದು ಕಾಲೇಜು ಅಂತ ಓಡುವವರಿಗೆ ಫಾರ್ಮ್ ತೆರೆಯಲೂ ಬಿಡುವಿಲ್ಲ. ಸ್ವಲ್ಪ ಬಿಡುವು ಇದ್ದವರೇ ಉತ್ತರಿಸಿದ್ದಾರೆ, ಅವರಲ್ಲಿ ಆರು ಮಂದಿ ಹೌದು ಅಂದಿದ್ದಾರೆ ಅಂತ ಇಟ್ಟುಕೊಂಡರೆ? ಆರನ್ನು ನಾಲ್ಕರಿಂದ ಗುಣಿಸಿ, 42 ಸೇರಿಸಿ. 66 ಬರುತ್ತದೆ. ಸರಿ ಮಾಡಲು ಹೋಗಿ ಇನ್ನಷ್ಟು ಕೆಟ್ಟಿತು. ಸಮಯ ಇಲ್ಲದವರ ಬಗ್ಗೆ ಕೇಳುವ ಪ್ರಶ್ನೆಗೆ ಸಮಯ ಇದ್ದವರು ಮಾತ್ರ ಉತ್ತರಿಸಿದರೆ ಆಮೇಲೆ ಎಂಥ ಸೂತ್ರ ಹಾಕಿದರೂ ಪ್ರಯೋಜನವಿಲ್ಲ.

ಇದೇ ಸಮಸ್ಯೆಯ ದೊಡ್ಡ ಉದಾಹರಣೆ 1936ರ ಅಮೆರಿಕದ್ದು. ಲಿಟರರಿ ಡೈಜೆಸ್ಟ್ ಅನ್ನುವ ಪತ್ರಿಕೆ ಅಧ್ಯಕ್ಷರ ಚುನಾವಣೆಗೆ ಮೊದಲು ಸುಮಾರು ಒಂದು ಕೋಟಿ ಜನರಿಗೆ ಮತಚೀಟಿ ಕಳಿಸಿತು. 20 ಲಕ್ಷಕ್ಕೂ ಜಾಸ್ತಿ ವಾಪಸ್ ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಅಂತ ಪತ್ರಿಕೆ ಹೇಳಿತು. ಗೆದ್ದದ್ದು ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ನ್ನು. ಟೆಲಿಫೋನ್, ಕಾರು ಇದ್ದವರ ಪಟ್ಟಿಗೆ ಕಳಿಸಿದ್ದೇ ತಪ್ಪು ಅಂತ ಪಾಠಪುಸ್ತಕಗಳಲ್ಲಿ ಓದಿರುತ್ತೇವೆ. ಅದು ಅರ್ಧ ಮಾತ್ರ ನಿಜ. ಮತಚೀಟಿ ತಲುಪಿದ ಎಲ್ಲರೂ ಅದನ್ನು ವಾಪಸ್ ಕಳಿಸಿದ್ದರೆ ಗೆಲ್ಲುವವರ ಹೆಸರಾದರೂ ಸರಿಯಾಗುತ್ತಿತ್ತು ಅಂತ ನಂತರದ ಅಧ್ಯಯನ ತೋರಿಸಿತು. ರೂಸ್‌ವೆಲ್ಟ್ ಪರ ಇದ್ದವರಲ್ಲಿ ಹೆಚ್ಚಿನವರು ಚೀಟಿಯನ್ನು ವಾಪಸ್ ಕಳಿಸಲಿಲ್ಲ. 20 ಲಕ್ಷ ಉತ್ತರ ಬಂದರೂ ಆ ಮೌನವನ್ನು ತುಂಬಲು ಆಗಲಿಲ್ಲ.

ಪಟ್ಟಿಯಿಂದ ಶುರು ಮಾಡಿ

ಹಾಗಾದರೆ ಮೊದಲ ಕೆಲಸ ಲಿಂಕ್ ಕಳಿಸುವುದಲ್ಲ. ಪಟ್ಟಿ ಮಾಡುವುದು. ನಮ್ಮಲ್ಲಿ ಇದು ಅಂದುಕೊಂಡಷ್ಟು ಸುಲಭ ಇಲ್ಲ. 1980ರಲ್ಲಿ ಶುರುವಾದ ಮಂಗಳೂರು ವಿಶ್ವವಿದ್ಯಾನಿಲಯಕ್ಕೆ ಕೊಣಾಜೆಯಲ್ಲಿ ಮಂಗಳಗಂಗೋತ್ರಿ ಕ್ಯಾಂಪಸ್ ಇದೆ, ಹಂಪನಕಟ್ಟೆಯಲ್ಲಿರುವಂಥ ಘಟಕ ಕಾಲೇಜುಗಳಿವೆ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಅನುದಾನಿತ, ಅನುದಾನರಹಿತ, ಸ್ವಾಯತ್ತ ಕಾಲೇಜುಗಳಿವೆ. ಒಂದೇ ಪಾಠ ಮಾಡುವ ಇಬ್ಬರು ಅಧ್ಯಾಪಕರಿಗೆ ಸಂಬಳ ಕೊಡುವವರೇ ಬೇರೆ. ಅತಿಥಿ ಉಪನ್ಯಾಸಕರ ಪಟ್ಟಿಯಂತೂ ವರ್ಷ ವರ್ಷ ಬದಲಾಗುತ್ತದೆ. ಕಾಲೇಜಿನ ಇಮೇಲ್ ಅವರಲ್ಲಿ ಎಷ್ಟೋ ಮಂದಿಗೆ ಇರುವುದಿಲ್ಲ. ಸ್ಟಾಫ್ ವಾಟ್ಸಾಪ್ ಗುಂಪಿನಲ್ಲೂ ಎಲ್ಲರೂ ಇರುವುದಿಲ್ಲ. ಪಟ್ಟಿಯಲ್ಲಿ ಇಲ್ಲದವರಿಗೆ ಪ್ರಶ್ನೆ ತಲುಪುವುದೇ ಇಲ್ಲ. ಅವರನ್ನು ಉತ್ತರ ಕೊಡಲಿಲ್ಲ ಅಂತ ದೂರುವುದು ಅನ್ಯಾಯ.

ಎರಡನೆಯದು, ಎಲ್ಲರನ್ನೂ ಕೇಳಲೇಬೇಕು ಅಂತ ಇಲ್ಲ. ಕುಚ್ಚಲಕ್ಕಿ ಬೆಂದಿದೆಯೇ ನೋಡಲು ನಾಲ್ಕು ಅಗುಳು ಸಾಕು. ಆದರೆ ಸೌಟು ಹಾಕಿ ಚೆನ್ನಾಗಿ ತಿರುವಿ ಆಮೇಲೆ ತೆಗೆದ ಅಗುಳಾಗಿರಬೇಕು. 400 ಅಧ್ಯಾಪಕರಿದ್ದಾರೆ ಅನ್ನಿ. ಎಲ್ಲರಿಗೂ ಲಿಂಕ್ ಕಳಿಸಿ, ಮನಸ್ಸು ಬಂದ 120 ಮಂದಿಯಿಂದ ಉತ್ತರ ಪಡೆಯುವುದು ಒಂದು ದಾರಿ. ಚೀಟಿ ಎತ್ತಿ 80 ಮಂದಿಯನ್ನು ಆರಿಸಿ, ಒಬ್ಬೊಬ್ಬರನ್ನೂ ಮಾತಾಡಿಸಿ ಎಲ್ಲರಿಂದ ಉತ್ತರ ಪಡೆಯುವುದು ಇನ್ನೊಂದು. ನಾನು ಎರಡನೆಯದನ್ನೇ ಆರಿಸುತ್ತೇನೆ. 80 ಮಂದಿಯೂ ಉತ್ತರಿಸಿದರೆ ಫಲಿತಾಂಶ ನಿಜದಿಂದ ಸುಮಾರು ಹತ್ತು ಶೇಕಡಾ ಅಂಶಕ್ಕಿಂತ ಆಚೀಚೆ ಹೋಗುವ ಸಾಧ್ಯತೆ ತುಂಬ ಕಡಿಮೆ, ನೂರಕ್ಕೆ ಐದರಷ್ಟು. 120ರ ವಿಷಯದಲ್ಲಿ ಅಂಥ ಯಾವ ಭರವಸೆಯನ್ನೂ ಕೊಡಲಾಗದು, ಯಾಕೆಂದರೆ ಅವರು ತಾವಾಗಿಯೇ ಮುಂದೆ ಬಂದವರು. ಮೇಲಾಗಿ ಉಳಿದ 320 ಮಂದಿಗೆ ಈ ಸಲ ಫಾರ್ಮಿನ ಕಾಟ ಇಲ್ಲ. ಮುಂದಿನ ಸಮೀಕ್ಷೆಗೆ ಅವರಲ್ಲಿ ಬೇರೆ 80 ಮಂದಿ. ವರ್ಷಕ್ಕೆ ಹತ್ತು ಲಿಂಕ್ ಬರುವ ಕಡೆ ಎರಡು ಬಂದರೆ ಜನ ಓದಿ ಉತ್ತರಿಸುತ್ತಾರೆ.

ನನ್ನ ಉತ್ತರ ಯಾರು ನೋಡುತ್ತಾರೆ?

ಅಧ್ಯಾಪಕರು ಬಾಯಿ ಬಿಟ್ಟು ಕೇಳದ, ಆದರೆ ಮನಸ್ಸಿನಲ್ಲಿ ಮೊದಲು ಬರುವ ಪ್ರಶ್ನೆ ಇದು. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲದವರಿಗೆ ಇದು ಸಣ್ಣ ವಿಷಯ ಅಲ್ಲ. "ನಿಮ್ಮ ಹೆಸರು ಕೇಳಿಲ್ಲ, ಹೆದರಬೇಡಿ" ಅಂದರೆ ಸಾಕಾಗುವುದಿಲ್ಲ. ಹೆಸರು ಇಲ್ಲದೆಯೂ ಮನುಷ್ಯರು ಸಿಕ್ಕಿಬೀಳುತ್ತಾರೆ.

ಹೇಗೆ ಅಂದರೆ, ಫಾರ್ಮಿನಲ್ಲಿ ವಿಭಾಗ, ಲಿಂಗ, ವಯಸ್ಸು, ಹುದ್ದೆ, ಎಷ್ಟು ವರ್ಷದ ಅನುಭವ ಅಂತ ಐದು ಕೇಳಿದ್ದಾರೆ. ಐದೂ ಸಾಮಾನ್ಯ ಪ್ರಶ್ನೆಗಳೇ. ಆದರೆ ಸಂಸ್ಕೃತ ವಿಭಾಗದಲ್ಲಿ ಇರುವುದೇ ಇಬ್ಬರು, ಅವರಲ್ಲಿ ಮಹಿಳೆ ಒಬ್ಬರೇ ಅಂದರೆ? ಎರಡು ಪ್ರಶ್ನೆಗೇ ಆಳು ಯಾರು ಅಂತ ಗೊತ್ತಾಯಿತು. ಅಮೆರಿಕದ ಸಂಶೋಧಕಿ ಲತಾನ್ಯಾ ಸ್ವೀನಿ 1990ರ ಜನಗಣತಿಯ ಅಂಕಿಗಳನ್ನು ಇಟ್ಟುಕೊಂಡು ಒಂದು ಅಂದಾಜು ಮಾಡಿದ್ದರು. ಪಿನ್‌ಕೋಡ್, ಹುಟ್ಟಿದ ದಿನ, ಲಿಂಗ ಈ ಮೂರು ಗೊತ್ತಿದ್ದರೆ ಆ ದೇಶದ ಶೇಕಡಾ 87 ಜನರನ್ನು ಒಬ್ಬೊಬ್ಬರನ್ನಾಗಿ ಗುರುತಿಸಬಹುದು ಅಂತ ಬಂತು. ಕೋಟಿಗಟ್ಟಲೆ ಜನರಿರುವ ದೇಶದಲ್ಲೇ ಹೀಗಾದರೆ 60 ಜನರಿರುವ ಕಾಲೇಜಿನ ಕಥೆ ಹೇಳಬೇಕಾಗಿಲ್ಲ.

ಅದಕ್ಕೆ ಮಾಡಬೇಕಾದದ್ದು ಇಷ್ಟು. ವಿಭಾಗದ ಬದಲು ಕಲೆ, ವಿಜ್ಞಾನ, ವಾಣಿಜ್ಯ ಅಂತ ದೊಡ್ಡ ಗುಂಪು ಕೇಳಿ. ವಯಸ್ಸನ್ನು ಹತ್ತತ್ತು ವರ್ಷದ ಗುಂಪಾಗಿ ಕೇಳಿ, ಅಥವಾ ಬಿಟ್ಟೇಬಿಡಿ. ಐದು ಮಂದಿಗಿಂತ ಕಡಿಮೆ ಇರುವ ಯಾವ ಗುಂಪಿನ ಫಲಿತಾಂಶವನ್ನೂ ಬೇರೆಯಾಗಿ ಪ್ರಕಟಿಸಬೇಡಿ. ಹತ್ತು ಅಂತ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಮುಕ್ತವಾಗಿ ಬರೆದ ಉತ್ತರಗಳಲ್ಲಿ ಊರು, ಪೇಪರಿನ ಹೆಸರು, ನಡೆದ ಘಟನೆ ಇದ್ದರೆ ಅದನ್ನು ತೆಗೆದು ಆಮೇಲೆ ಮೇಲಿನವರಿಗೆ ಕೊಡಿ.

ಗೂಗಲ್ ಫಾರ್ಮಿನ ಒಂದು ಸೆಟ್ಟಿಂಗ್ ಬಗ್ಗೆ ವಿಶೇಷವಾಗಿ ಹೇಳಬೇಕು. ಒಬ್ಬರಿಗೆ ಒಂದೇ ಉತ್ತರ ಅಂತ ಮಿತಿ ಹಾಕಿದರೆ ಉತ್ತರಿಸುವವರು ಲಾಗಿನ್ ಆಗಬೇಕಾಗುತ್ತದೆ. ಇಮೇಲ್ ಸಂಗ್ರಹಿಸುವ ಆಯ್ಕೆಯನ್ನು ಆನ್ ಮಾಡದಿದ್ದರೆ ಫಾರ್ಮ್ ಮಾಡಿದವರಿಗೆ ಇಮೇಲ್ ಕಾಣುವುದಿಲ್ಲ. ಆದರೆ ಲಾಗಿನ್ ಕೇಳಿದ ತಕ್ಷಣ ಅಧ್ಯಾಪಕರಿಗೆ ಅನುಮಾನ ಬರುತ್ತದೆ, ಬರಬೇಕಾದ್ದೇ. ಹಾಗಾಗಿ ಒಂದೋ ಆ ಮಿತಿಯನ್ನು ತೆಗೆಯಿರಿ, ಇಲ್ಲವೇ ಲಾಗಿನ್ ಯಾಕೆ ಬೇಕು ಅಂತ ಮೊದಲ ಸಾಲಿನಲ್ಲೇ ಬಿಡಿಸಿ ಹೇಳಿ.

ಹೆಸರೇ ಗೊತ್ತಿಲ್ಲದಿದ್ದರೆ ಉತ್ತರಿಸದವರಿಗೆ ನೆನಪು ಮಾಡುವುದು ಹೇಗೆ ಅನ್ನುವ ಪ್ರಶ್ನೆ ಬರುತ್ತದೆ ಅಲ್ವಾ? ಅಂಚೆ ಸಮೀಕ್ಷೆಗಳ ಕಾಲದಿಂದಲೂ ಇದಕ್ಕೊಂದು ಉಪಾಯ ಇದೆ. ಪ್ರಶ್ನಾವಳಿಯ ಜೊತೆ ಬೇರೆ ಒಂದು ಕಾರ್ಡ್ ಇರುತ್ತಿತ್ತು. ಪ್ರಶ್ನಾವಳಿಯನ್ನು ಹೆಸರಿಲ್ಲದೆ ಕಳಿಸುವುದು, ಕಾರ್ಡಿನಲ್ಲಿ ಹೆಸರು ಬರೆದು "ನಾನು ಉತ್ತರಿಸಿದ್ದೇನೆ" ಅಂತ ಪ್ರತ್ಯೇಕವಾಗಿ ಕಳಿಸುವುದು. ಈಗ ಎರಡು ಬೇರೆ ಬೇರೆ ಫಾರ್ಮ್ ಮಾಡಿದರೆ ಆಯಿತು. ಎರಡನೆಯದರಲ್ಲಿ ಹೆಸರು ಮಾತ್ರ. ಯಾರು ಉತ್ತರಿಸಿದರು ಅಂತ ಗೊತ್ತಾಗುತ್ತದೆ, ಏನು ಉತ್ತರಿಸಿದರು ಅಂತ ಗೊತ್ತಾಗುವುದಿಲ್ಲ. ಎರಡೂ ಫಾರ್ಮಿನಲ್ಲಿ ಸಮಯ ದಾಖಲಾಗುತ್ತದೆ ಅನ್ನುವುದನ್ನು ಮರೆಯಬೇಡಿ. ವಿಶ್ಲೇಷಣೆಗೆ ಕೊಡುವ ಮೊದಲು ಆ ಸಮಯದ ಕಾಲಂ ಅಳಿಸಬೇಕು.

ಒತ್ತಾಯ ಬೇಡ

"ಕಡ್ಡಾಯವಾಗಿ ತುಂಬಿಸಿ, ವಿಭಾಗ ಮುಖ್ಯಸ್ಥರು ಖಚಿತಪಡಿಸಿಕೊಳ್ಳಿ" ಅಂತ ಸುತ್ತೋಲೆ ಬಂದರೆ ನೂರಕ್ಕೆ ನೂರು ಉತ್ತರ ಬರುತ್ತದೆ. ಅದರಲ್ಲಿ ಎಷ್ಟೋ ಉತ್ತರಗಳು ಮೇಲಿನಿಂದ ಕೆಳಗಿನವರೆಗೆ ಒಂದೇ ಗೆರೆ. ಪ್ರಶ್ನೆ ಓದಿದ್ದಾರಾ ಅಂತಲೇ ಗೊತ್ತಾಗುವುದಿಲ್ಲ. ಹೀಗೆ ಬಂದ ಉತ್ತರ ಖಾಲಿ ಜಾಗಕ್ಕಿಂತ ಅಪಾಯ. ಖಾಲಿ ಜಾಗ ಕಾಣುತ್ತದೆ, ಓದದೆ ಒತ್ತಿದ ನಾಲ್ಕು ಅಂಕ ನಿಜವಾದ ನಾಲ್ಕರ ಹಾಗೆಯೇ ಕಾಣುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆ ಅಂದರೆ ಒತ್ತಾಯವಿಲ್ಲದೆ, ವಿಷಯ ತಿಳಿದು, ನಿರ್ದಿಷ್ಟ ಉದ್ದೇಶಕ್ಕೆ ಕೊಟ್ಟದ್ದು ಅನ್ನುತ್ತದೆ. ಬೇಡ ಅನ್ನುವ ಹಕ್ಕು ಇದ್ದಾಗ ಮಾತ್ರ ಹೌದು ಅನ್ನುವುದಕ್ಕೆ ಬೆಲೆ.

ಸಮಯವನ್ನೂ ನೋಡಬೇಕು. ವ್ಯಾಲ್ಯುಯೇಷನ್ ನಡೆಯುವಾಗ, ಇಂಟರ್ನಲ್ ಅಂಕ ಅಪ್‌ಲೋಡ್ ಮಾಡುವ ವಾರದಲ್ಲಿ ಲಿಂಕ್ ಕಳಿಸಬಾರದು. ಜೂನ್, ಜುಲೈಯಲ್ಲಿ ನಮ್ಮ ಕಡೆ ಮಳೆ ರಜೆ ಬರುತ್ತದೆ. ಹೋದ ತರಗತಿಗಳನ್ನು ಹೊಂದಿಸುವ ತಲೆಬಿಸಿಯಲ್ಲಿ ಇರುವವರನ್ನು ಆಗ ಕೇಳಿದರೆ ಸಿಗುವುದು ಆ ವಾರದ ಸಿಟ್ಟು, ವರ್ಷದ ಅನುಭವ ಅಲ್ಲ. ಸೆಮಿಸ್ಟರಿನ ನಡುಭಾಗ ಒಳ್ಳೆಯದು. ಅದಕ್ಕಿಂತ ಒಳ್ಳೆಯದು ಕೆಲಸದ ಹೊತ್ತಿನಲ್ಲೇ 15 ನಿಮಿಷ ಬಿಟ್ಟುಕೊಡುವುದು. ಆಮೇಲೆ ಕೊಡುತ್ತೇವೆ ಅನ್ನುವ ಬಹುಮಾನಕ್ಕಿಂತ ಆಮಂತ್ರಣದ ಜೊತೆಗೇ ಕೊಟ್ಟ ಸಣ್ಣ ಕೊಡುಗೆ ಹೆಚ್ಚು ಉತ್ತರ ತರುತ್ತದೆ ಅಂತ ಅಂಚೆ ಸಮೀಕ್ಷೆಗಳ ಸಂಶೋಧನೆಗಳು ಹೇಳುತ್ತವೆ. ಅಧ್ಯಾಪಕರಿಗೆ ಮುಂಚಿತವಾಗಿ ಕೊಡಬಹುದಾದ ಒಳ್ಳೆಯ ಕೊಡುಗೆ ಈ ಸಮಯವೇ ಅಂತ ನನಗನ್ನಿಸುತ್ತದೆ.

ಪ್ರಶ್ನೆಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. "ಗ್ರಂಥಾಲಯ ಮತ್ತು ಪ್ರಯೋಗಾಲಯ ತೃಪ್ತಿಕರವಾಗಿವೆಯೇ" ಅಂತ ಒಂದರಲ್ಲಿ ಎರಡು ಕೇಳಬೇಡಿ. ಎಐಎಸ್‌ಎಚ್‌ಇಗೆ ಕೊಟ್ಟ ಮಾಹಿತಿಯನ್ನು ಪುನಃ ಕೇಳಬೇಡಿ. ಕನ್ನಡದಲ್ಲೂ ಪ್ರಶ್ನಾವಳಿ ಇರಲಿ. ಕಳಿಸುವ ಮೊದಲು ಐದಾರು ಅಧ್ಯಾಪಕರ ಕೈಯಲ್ಲಿ ತುಂಬಿಸಿ ನೋಡಿ, ಎಲ್ಲಿ ತಡವರಿಸುತ್ತಾರೆ ಅಂತ ಗಮನಿಸಿ.

ಆಮಂತ್ರಣ ಹೇಗಿರಬೇಕು ಅಂತ ಕೇಳಿದರೆ ಹೀಗೆ ಬರೆಯಬಹುದು:

"ಪ್ರಿಯ ಮೇಡಂ / ಸರ್, ನಮ್ಮ 400 ಅಧ್ಯಾಪಕರಲ್ಲಿ ಚೀಟಿ ಎತ್ತಿ 80 ಮಂದಿಯನ್ನು ಆರಿಸಿದ್ದೇವೆ, ಅವರಲ್ಲಿ ನೀವೊಬ್ಬರು. ಪರೀಕ್ಷಾ ಕೆಲಸದ ಹಂಚಿಕೆಯನ್ನು ಮುಂದಿನ ವರ್ಷದಿಂದ ಬದಲಿಸಬೇಕೆಂದಿದ್ದೇವೆ. ಅದಕ್ಕೆ ಮೊದಲು ನಿಮ್ಮ ಅನುಭವ ತಿಳಿಯಬೇಕು. 14 ಪ್ರಶ್ನೆಗಳಿವೆ, ಎಂಟು ನಿಮಿಷ ಸಾಕು. ಹೆಸರು, ಇಮೇಲ್ ಕೇಳುವುದಿಲ್ಲ. ಬೇಡವೆನಿಸಿದ ಪ್ರಶ್ನೆಯನ್ನು ಬಿಡಬಹುದು. ಉತ್ತರಿಸದಿದ್ದರೂ ನಿಮಗೆ ತೊಂದರೆಯಿಲ್ಲ. ಬಿಡಿ ಉತ್ತರಗಳನ್ನು ಇಬ್ಬರು ಮಾತ್ರ ನೋಡುತ್ತಾರೆ. ಫಲಿತಾಂಶ ಒಂದು ತಿಂಗಳೊಳಗೆ ಮೊದಲು ನಿಮ್ಮ ಕೈಗೇ ಬರುತ್ತದೆ."

ಗುಂಪಿಗೆ ಹಾಕಿದ ಸಂದೇಶಕ್ಕಿಂತ ಒಬ್ಬೊಬ್ಬರಿಗೆ ಹೆಸರು ಹಾಕಿ ಕಳಿಸಿದ ಪತ್ರಕ್ಕೆ ಉತ್ತರ ಜಾಸ್ತಿ. ಆಡಳಿತದ ಸಹಿಯ ಜೊತೆಗೆ ಅಮುಕ್ತ್‌ನಂಥ ಅಧ್ಯಾಪಕರ ಸಂಘದ ಸಹಿಯೂ ಇದ್ದರೆ ನಂಬಿಕೆ ಹೆಚ್ಚುತ್ತದೆ. ಅತಿಥಿ ಉಪನ್ಯಾಸಕರಿಗೆ ಅವರಲ್ಲೇ ಒಬ್ಬರು ಫೋನ್ ಮಾಡಿ ಹೇಳಲಿ. ಎರಡು ಮೂರು ಸಲ ನೆನಪು ಮಾಡಬಹುದು. ಅದೇ ಸಂದೇಶವನ್ನು ಪುನಃ ಪುನಃ ಫಾರ್ವರ್ಡ್ ಮಾಡಬಾರದು. "ವಿಜ್ಞಾನದವರು ಹೆಚ್ಚಿನವರು ಉತ್ತರಿಸಿದ್ದಾರೆ, ವಾಣಿಜ್ಯದವರ ಮಾತು ಇನ್ನೂ ಬಂದಿಲ್ಲ" ಅಂತ ಹೊಸ ವಿಷಯ ಇರಲಿ.

ಇಷ್ಟೆಲ್ಲ ಮಾಡಿದರೂ ಹೋದ ಸಲದ ಸಮೀಕ್ಷೆ ಏನಾಯಿತು ಅಂತ ಹೇಳದಿದ್ದರೆ ಈ ಸಲ ಉತ್ತರ ಬರುವುದಿಲ್ಲ. "ಕೇಳಿದ್ದಾರೆ, ಆಮೇಲೆ ಎಂತ ಆಯ್ತು?" ಅನ್ನುವ ಪ್ರಶ್ನೆ ನ್ಯಾಯವಾದದ್ದು. ಫಲಿತಾಂಶವನ್ನು ಎರಡು ಪುಟದಲ್ಲಿ ಬರೆದು ಎಲ್ಲರಿಗೂ ಕೊಡಿ, ಉತ್ತರಿಸದವರಿಗೂ. ಏನು ಬದಲಿಸಿದೆವು, ಯಾವುದನ್ನು ಬದಲಿಸಲು ಆಗಲಿಲ್ಲ, ಯಾಕೆ ಆಗಲಿಲ್ಲ ಅಂತ ಹೇಳಿ. ಹುದ್ದೆ ಭರ್ತಿ ಕಾಲೇಜಿನ ಕೈಯಲ್ಲಿಲ್ಲ ಅನ್ನುವುದು ಅಧ್ಯಾಪಕರಿಗೂ ಗೊತ್ತು. ಆದರೆ ಒಬ್ಬರಿಗೇ ವಾರವಿಡೀ ಇನ್ವಿಜಿಲೇಶನ್ ಹಾಕುವುದನ್ನು ತಪ್ಪಿಸುವುದು ಕಾಲೇಜಿನ ಕೈಯಲ್ಲಿದೆ. ಅಂಥ ಒಂದು ಬದಲಾವಣೆ ಮಾಡಿ, ಇದು ನಿಮ್ಮ ಉತ್ತರದಿಂದಲೇ ಆದದ್ದು ಅಂತ ತಿಳಿಸಿದರೆ ಮುಂದಿನ ಲಿಂಕನ್ನು ಜನ ತೆರೆಯುತ್ತಾರೆ. ಏನನ್ನೂ ಬದಲಿಸುವ ಉದ್ದೇಶ ಇಲ್ಲದಿದ್ದರೆ ಕೇಳದಿರುವುದೇ ಮೇಲು.

ಇನ್ನು ಲಿಂಕ್ ಬಂದ ಅಧ್ಯಾಪಕರಿಗೆ ಒಂದೆರಡು ಮಾತು. ಉತ್ತರ ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಅಂತ ಬರೆದಿಲ್ಲದಿದ್ದರೆ ತುಂಬಿಸುವ ಮೊದಲು ಕೇಳಿ. ಕೇಳುವುದು ಅಸಹಕಾರ ಅಲ್ಲ. ಗೊತ್ತಿಲ್ಲದ ಪ್ರಶ್ನೆಗೆ ನಡುವಿನ ಅಂಕ ಒತ್ತುವ ಬದಲು ಖಾಲಿ ಬಿಡಿ. ನನಗೆ ಅಂಥ ತೊಂದರೆ ಏನಿಲ್ಲ ಅಂತ ಸುಮ್ನೆ ಇರಬೇಡಿ, ತೊಂದರೆ ಇಲ್ಲದವರ ಉತ್ತರವೂ ಲೆಕ್ಕಕ್ಕೆ ಬೇಕು. ಕೊನೆಯ ಖಾಲಿ ಜಾಗದಲ್ಲಿ ಕನ್ನಡದಲ್ಲೇ ಬರೆಯಿರಿ, ಸ್ಪಷ್ಟವಾಗಿ ಬರೆಯಿರಿ. "ಲ್ಯಾಬ್ ಸರಿ ಇಲ್ಲ" ಅಂದರೆ ಓದಿದವರು ಮುಂದಿನ ಸಾಲಿಗೆ ಹೋಗುತ್ತಾರೆ. "24 ಮಕ್ಕಳ ಬ್ಯಾಚಿಗೆ ಕೆಲಸ ಮಾಡುವ ಮೈಕ್ರೋಸ್ಕೋಪ್ ಇರುವುದು ಒಂಬತ್ತು" ಅಂತ ಬರೆದರೆ ಎಷ್ಟು ತರಿಸಬೇಕು ಅಂತ ಅಲ್ಲೇ ಲೆಕ್ಕ ಸಿಗುತ್ತದೆ.